ಕೆಟ್ಟಿತೆಂಬ ಅಪವಾದ

ಲೆಕ್ಕದ ಪುಸ್ತಕವನ್ನು ಇಟ್ಟುಕೊಂಡವನ ಮೇಲೆ ಬರಬಹುದಾದ ಅಪವಾದಗಳು ಎರಡು. ಅವನು ಸುಳ್ಳು ಬರೆದನೆಂಬುದು ಒಂದು. ಅವನು ಸರಿಯಾಗಿಯೇ ಬರೆದಿದ್ದರೂ ಬರೆಹವು ಆಮೇಲೆ ಕೆಟ್ಟುಹೋಯಿತೆಂಬುದು ಇನ್ನೊಂದು. ಮೊದಲನೆಯದನ್ನು ವಿಚಾರಿಸುವ ಬಗೆ ನಮ್ಮ ಸಮಾಜಕ್ಕೆ ಬಹುಕಾಲದಿಂದ ತಿಳಿದಿದೆ. ಎರಡನೆಯದು ಹಿಂದೆ ಅಷ್ಟು ದೊಡ್ಡ ಪ್ರಶ್ನೆಯಾಗಿರಲಿಲ್ಲ. ಗೆದ್ದಲು ಹಿಡಿದ ಓಲೆಯನ್ನೂ ನೀರು ಸೋರಿದ ಕಡತವನ್ನೂ ಕಣ್ಣಿದ್ದವರೆಲ್ಲರೂ ಕಾಣಬಹುದಾಗಿತ್ತು. ಕೆಟ್ಟಿದೆಯೋ ಇಲ್ಲವೋ ಎಂದು ವಾದಿಸುವ ಪ್ರಮೇಯವೇ ಬರುತ್ತಿರಲಿಲ್ಲ. ಈಗ ಹಾಗಲ್ಲ. ನಮ್ಮ ಜಮೀನಿನ ಪಹಣಿ, ಬ್ಯಾಂಕಿನ ಠೇವಣಿ, ಮಕ್ಕಳ ಅಂಕಪಟ್ಟಿ, ಮನೆಯ ಹಿರಿಯರ ರಕ್ತಪರೀಕ್ಷೆಯ ಫಲಿತಾಂಶ ಇವೆಲ್ಲವೂ ಡೇಟಾಬೇಸ್ ಎಂದು ಕರೆಯಲ್ಪಡುವ ದತ್ತಸಂಚಯಗಳ ಒಳಗೆ ಸೇರಿಕೊಂಡಿವೆ. ಅಲ್ಲಿಯ ಗೆದ್ದಲು ಯಾರ ಕಣ್ಣಿಗೂ ಬೀಳುವುದಿಲ್ಲ. ಆದಕಾರಣ ಒಬ್ಬನು ಬಂದು "ನಿಮ್ಮ ದಾಖಲೆ ಕೆಟ್ಟಿದೆ" ಎಂದು ಕೂಗಿದಾಗ ಅದನ್ನು ಎಷ್ಟರ ಮಟ್ಟಿಗೆ ನಂಬಬೇಕು, ಹೇಗೆ ಅಲ್ಲಗಳೆಯಬೇಕು ಎಂಬುದು ಯಂತ್ರಶಾಸ್ತ್ರದ ಪ್ರಶ್ನೆಯಾಗಿರುವಷ್ಟೇ ನೀತಿಯ ಪ್ರಶ್ನೆಯೂ ಆಗಿದೆ.

ಮೊದಲೇ ಒಂದು ಮಾತನ್ನು ಒಪ್ಪಿಕೊಳ್ಳುವುದು ಒಳ್ಳೆಯದು. ಇಂತಹ ಕೂಗುಗಳಲ್ಲಿ ಅನೇಕವು ಪರೀಕ್ಷೆಯ ಮುಂದೆ ನಿಲ್ಲುವುದಿಲ್ಲ. ದತ್ತಸಂಚಯಗಳನ್ನು ಕಾಯುವ ಕೆಲಸದಲ್ಲಿ ನುರಿತವರು, ಹತ್ತು ದೂರುಗಳನ್ನು ಹುಸಿಯೆಂದು ಕಂಡಮೇಲೆ, ಹನ್ನೊಂದನೆಯದನ್ನು ಕೇಳುವಾಗ ಮುಗುಳ್ನಗುವುದು ಸ್ವಾಭಾವಿಕವೇ. ಆದರೆ ಆ ಮುಗುಳ್ನಗೆಯಲ್ಲಿಯೇ ಅಪಾಯವಿದೆ. ಏತಕ್ಕೆಂದರೆ, ಹುಸಿಯಾದ ದೂರು ಬೇರೆ, ಹುಸಿಗಾರನ ದೂರು ಬೇರೆ. ಮಬ್ಬುಗತ್ತಲಲ್ಲಿ ಹಗ್ಗವನ್ನು ಕಂಡು ಹಾವೆಂದು ಕೂಗಿದವನನ್ನು ನಮ್ಮ ಶಾಸ್ತ್ರಕಾರರು ಯಾರೂ ಸುಳ್ಳುಗಾರನೆಂದು ಕರೆಯಲಿಲ್ಲ. ಅವನ ಮುಂದೆ ಏನೋ ಒಂದು ನೀಳವಾಗಿ ಡೊಂಕಾಗಿ ಬಿದ್ದಿದ್ದುದು ದಿಟ. ಅದು ಹಾವೆಂಬ ನಿಶ್ಚಯ ಮಾತ್ರ ತಪ್ಪು. ದಾಖಲೆ ಕೆಟ್ಟಿತೆನ್ನುವವನ ಮಾತಿನಲ್ಲಿಯೂ ಹೀಗೆಯೇ ಎರಡು ಅಂಶಗಳು ಬೆರೆತಿರುತ್ತವೆ: ಅವನು ಕಂಡದ್ದು, ಕಂಡದ್ದಕ್ಕೆ ಅವನು ಊಹಿಸಿದ ಕಾರಣ. ಊಹೆಯನ್ನು ಅಲ್ಲಗಳೆಯುವ ಆತುರದಲ್ಲಿ ಕಂಡದ್ದನ್ನೂ ಅಲ್ಲಗಳೆದುಬಿಡುವುದು ಬಲ್ಲವರು ಮಾಡುವ ಸಾಮಾನ್ಯ ಅನ್ಯಾಯ.

ಕನ್ನಡಿಗರಿಗೆ ಇದರ ಪರಿಚಯ ಚೆನ್ನಾಗಿಯೇ ಇದೆ. ಗಣಕಯಂತ್ರದಲ್ಲಿ ಕನ್ನಡವನ್ನು ಬರೆಯತೊಡಗಿದ ಕಾಲದಲ್ಲಿ ನಮ್ಮ ಅಕ್ಷರಗಳಿಗೆಂದೇ ಗೊತ್ತುಮಾಡಿದ ಸ್ಥಾನಗಳು ಬಳಕೆಗೆ ಬಂದಿರಲಿಲ್ಲ. ಯೂನಿಕೋಡ್ ಎಂಬ ಜಾಗತಿಕ ಅಕ್ಷರವ್ಯವಸ್ಥೆ ೧೯೯೧ರಲ್ಲಿಯೇ ಕನ್ನಡಕ್ಕೆ ಸ್ಥಾನವನ್ನು ಕೊಟ್ಟಿದ್ದರೂ ಅದು ಮನೆಮನೆಯ ಯಂತ್ರಗಳನ್ನು ಮುಟ್ಟುವುದಕ್ಕೆ ವರ್ಷಗಳು ಹಿಡಿದವು. ಅಷ್ಟರಲ್ಲಿ ೧೯೯೮ರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಮೊದಲಾದ ತಂತ್ರಾಂಶಗಳು ರೋಮನ್ ಅಕ್ಷರಗಳಿಗೆ ಮೀಸಲಾಗಿದ್ದ ಮನೆಗಳಲ್ಲಿಯೇ ಕನ್ನಡದ ತಲೆಕಟ್ಟು, ಒತ್ತು, ಗುಣಿತಗಳ ಆಕೃತಿಗಳನ್ನು ಕೂರಿಸಿ ಕಾರ್ಯವನ್ನು ನಡೆಸಿದವು. ಅವುಗಳಲ್ಲಿ ಬರೆದ ಕಡತವನ್ನು ಆ ಅಚ್ಚಿನ ಮೊಳೆಗಳಿಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಕನ್ನಡವಲ್ಲ. ಮೇಲೆ ಕೆಳಗೆ ಚುಕ್ಕೆ ಗೆರೆಗಳನ್ನು ಹೊತ್ತ ರೋಮನ್ ಅಕ್ಷರಗಳ ಅರ್ಥವಿಲ್ಲದ ಸಾಲು. ನೋಡಿದವನು ಕಡತ ಕೆಟ್ಟಿತೆಂದು ನಿಶ್ಚಯಿಸುವುದರಲ್ಲಿ ಆಶ್ಚರ್ಯವೇನು? ಆದರೆ ಅಲ್ಲಿ ಒಂದು ಅಕ್ಷರವೂ ನಷ್ಟವಾಗಿಲ್ಲ. ನಷ್ಟವಾಗಿರುವುದು ಓದುವ ಕೀಲಿಕೈ. ಹಳೆಯ ಲಿಪಿಯನ್ನು ಓದಲಾರದವನು ಓಲೆಯ ಕಟ್ಟನ್ನು ಒಲೆಗೆ ಹಾಕಿದಂತೆ, ಕೆಟ್ಟಿತೆಂಬ ನಂಬಿಕೆಯಿಂದಲೇ ಇಂತಹ ಕಡತಗಳನ್ನು ಅಳಿಸಿಹಾಕಿದರೆ, ಅಪವಾದವು ತನ್ನನ್ನು ತಾನೇ ನಿಜಮಾಡಿಕೊಂಡಂತಾಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಪ್ರಸಂಗವುಂಟು. ನಮ್ಮ ಮಕ್ಕಳು ವರ್ಣಮಾಲೆಯನ್ನು ಒಪ್ಪಿಸುವಾಗ ಕ್ಷ, ಜ್ಞ ಎಂಬುವನ್ನು ಳಕಾರದ ತರುವಾಯ, ಕಟ್ಟಕಡೆಯಲ್ಲಿ ಹೇಳುವ ರೂಢಿಯಿದೆ. ನಿಘಂಟಿನಲ್ಲಾದರೋ ಕ್ಷಮೆಯನ್ನು ಹುಡುಕಬೇಕಾದದ್ದು ಕಕಾರದಲ್ಲಿ. ಪಾಠಶಾಲೆಯ ಕ್ರಮವನ್ನೇ ನಂಬಿ ಪುಸ್ತಕದ ಕೊನೆಯನ್ನು ತಿರುವಿದ ಹುಡುಗನು "ಈ ನಿಘಂಟಿನಲ್ಲಿ ಕ್ಷಮೆಯೇ ಇಲ್ಲ" ಎಂದರೆ ಅವನ ಮಾತು ಸುಳ್ಳೇ. ಆದರೆ ಅವನು ಹುಡುಕಿದ್ದೂ ಸಿಕ್ಕದೆ ಹೋದದ್ದೂ ಸುಳ್ಳಲ್ಲ. ಪೋಸ್ಟ್‌ಗ್ರೆಸ್ ಎಂಬ ಪ್ರಸಿದ್ಧ ದತ್ತಸಂಚಯವನ್ನು ಬಳಸುವವರಿಗೆ ೨೦೧೮ರ ಆಗಸ್ಟಿನ ಅನಂತರ ಇಂತಹದೇ ಅವಸ್ಥೆಯೊದಗಿತು. ಪದಗಳನ್ನು ಯಾವ ಅನುಕ್ರಮದಲ್ಲಿ ಜೋಡಿಸಬೇಕೆಂಬುದನ್ನು ಆ ದತ್ತಸಂಚಯವು ತಾನೇ ನಿರ್ಧರಿಸದೆ, ತನ್ನ ಕೆಳಗಿರುವ ಲಿನಕ್ಸ್ ವ್ಯವಸ್ಥೆಯ ಜಿಲಿಬ್‌ಸಿ ಎಂಬ ಗ್ರಂಥಾಲಯವನ್ನು ಕೇಳುವುದು ವಾಡಿಕೆ. ಆ ತಿಂಗಳು ಹೊರಬಂದ ಗ್ರಂಥಾಲಯದ ೨.೨೮ನೆಯ ಆವೃತ್ತಿಯಲ್ಲಿ ಅನುಕ್ರಮದ ನಿಯಮಗಳು ಬಹುವಾಗಿ ಬದಲಾದವು. ಹಳೆಯ ಕ್ರಮದಲ್ಲಿ ಕಟ್ಟಿದ್ದ ಸೂಚಿಗಳು ಹಾಗೆಯೇ ಇದ್ದವು; ಹುಡುಕುವವನು ಮಾತ್ರ ಹೊಸ ಕ್ರಮವನ್ನು ಹಿಡಿದು ಹೊರಟನು. ಇದ್ದ ಹೆಸರು ಸಿಕ್ಕಲಿಲ್ಲ. ಹೀಗಾದಾಗ ದಾಖಲೆಗಳು ಮಾಯವಾದವೆಂದು ತೋರುವುದು ಸಹಜ. ಸೂಚಿಯನ್ನು ಬಿಟ್ಟು ಪುಟಪುಟವಾಗಿ ತಿರುವಿದರೆ ಎಲ್ಲವೂ ಇದ್ದಲ್ಲೇ ಇವೆ. ಸೂಚಿಯನ್ನು ಹೊಸದಾಗಿ ಕಟ್ಟಿದರೆ ರೋಗ ಪರಿಹಾರ.

ಹಾಗಾದರೆ ದೂರು ನಿಜವೋ ಸುಳ್ಳೋ? ದತ್ತವು ನಾಶವಾಯಿತೆಂದದ್ದು ಸುಳ್ಳು. ಆದರೆ ಕಾವಲುಗಾರನು "ಎಲ್ಲವೂ ಸರಿಯಾಗಿದೆ" ಎಂದು ಉತ್ತರಿಸಿದರೆ ಅದು ಇನ್ನೂ ದೊಡ್ಡ ಸುಳ್ಳು. ಏತಕ್ಕೆಂದರೆ ಒಂದೇ ಹೆಸರನ್ನು ಎರಡು ಬಾರಿ ಬರೆದುಕೊಳ್ಳದಂತೆ ಬಾಗಿಲು ಕಾಯುವುದೂ ಅದೇ ಸೂಚಿಯ ಕೆಲಸ. ಇದ್ದ ಹೆಸರು ಅದಕ್ಕೆ ಕಾಣದಿರುವಾಗ ಅದೇ ಹೆಸರಿನ ಎರಡನೆಯ ದಾಖಲೆಯನ್ನು ಅದು ಒಳಗೆ ಬಿಡುತ್ತದೆ. ಅಲ್ಲಿಂದ ಮುಂದೆ ದತ್ತಸಂಚಯವು ನಿಜವಾಗಿಯೇ ಕೆಡತೊಡಗುತ್ತದೆ. ಸೋಮವಾರ ಹುಸಿಯಾಗಿದ್ದ ದೂರು ಅಲಕ್ಷ್ಯಕ್ಕೆ ಗುರಿಯಾಗಿ ಶನಿವಾರದ ಹೊತ್ತಿಗೆ ನಿಜವಾಗಬಹುದು.

ಮನುಷ್ಯರು ಮಾತ್ರವೇ ಇಂತಹ ಭ್ರಾಂತಿಗೆ ಒಳಗಾಗುತ್ತಾರೆಂದು ತಿಳಿಯಬೇಕಾಗಿಲ್ಲ. ದಾಖಲೆಗಳನ್ನು ಪರೀಕ್ಷಿಸುವುದಕ್ಕಾಗಿಯೇ ಮಾಡಿದ ಯಂತ್ರಕ್ರಮಗಳೂ ಹಗ್ಗವನ್ನು ಹಾವೆನ್ನುವುದುಂಟು. ರಥೋತ್ಸವದ ದಿನ ಜನ ಅತ್ತಿಂದಿತ್ತ ಸರಿಯುತ್ತಿರುವಾಗ ಎಣಿಸಹೊರಟವನು ಒಬ್ಬನನ್ನು ಎರಡು ಸಲ ಎಣಿಸುವಂತೆ, ಬರೆಹ ನಡೆಯುತ್ತಿರುವಾಗಲೇ ಪರೀಕ್ಷಿಸುವ ಯಂತ್ರವು ಅರ್ಧ ಬರೆದದ್ದನ್ನು ಕಂಡು ದೋಷವೆಂದು ಸಾರೀತು. ಮೈಕ್ರೋಸಾಫ್ಟ್ ಸಂಸ್ಥೆಯ ಎಸ್‌ಕ್ಯೂಎಲ್ ಸರ್ವರ್ ತನ್ನ ೨೦೦೫ರ ಆವೃತ್ತಿಯಿಂದ, ಪರೀಕ್ಷೆಗೆ ತೊಡಗುವ ಮುನ್ನ ದತ್ತಸಂಚಯದ ಆ ಕ್ಷಣದ ಚಿತ್ರವೊಂದನ್ನು ತೆಗೆದಿಟ್ಟುಕೊಂಡು ಅದನ್ನೇ ಪರೀಕ್ಷಿಸುವುದು ಈ ಕಾರಣದಿಂದ. ಇನ್ನು ತಾರೀಖುಗಳ ವಿಷಯವಂತೂ ವಿನೋದಕರ. ೧೭೧೨ರ ಫೆಬ್ರವರಿ ೩೦ ಎಂಬ ದಿನವನ್ನು ಯಾವ ಪರೀಕ್ಷಕ ಯಂತ್ರ ತಾನೆ ಒಪ್ಪೀತು? ಆದರೆ ಸ್ವೀಡನ್ ದೇಶದಲ್ಲಿ ಆ ದಿನವು ನಿಜವಾಗಿಯೂ ಇತ್ತು. ಪಂಚಾಂಗವನ್ನು ಅರ್ಧ ಸುಧಾರಿಸಿ ಕೈಬಿಟ್ಟ ಅವರು ಹಳೆಯ ಲೆಕ್ಕಕ್ಕೆ ಮರಳುವುದಕ್ಕಾಗಿ ಆ ವರ್ಷ ಒಂದು ದಿನವನ್ನು ಹೆಚ್ಚಾಗಿ ಸೇರಿಸಿದರು. ಅದೇ ವೇಳೆಗೆ, ಎಂದೂ ಇರದಿದ್ದ ೧೯೦೦ರ ಫೆಬ್ರವರಿ ೨೯ ಎಕ್ಸೆಲ್ ಎಂಬ ಲೆಕ್ಕಪತ್ರದಲ್ಲಿ ಮಾನ್ಯ ದಿನವಾಗಿ ಕುಳಿತಿದೆ. ಅದಕ್ಕೆ ಹಿಂದಿನ ಲೋಟಸ್ ಎಂಬ ಲೆಕ್ಕಪತ್ರವು ಮಾಡಿದ ತಪ್ಪಿನೊಡನೆ ಹೊಂದಿಕೊಳ್ಳಲೆಂದು ಅದನ್ನು ತಿಳಿದೂ ಉಳಿಸಿಕೊಂಡರು. ಅಸಾಧ್ಯವಾಗಿ ತೋರುವುದೆಲ್ಲ ಕೆಟ್ಟದ್ದಲ್ಲ, ಒಪ್ಪವಾಗಿ ಕಾಣುವುದೆಲ್ಲ ಸರಿಯಲ್ಲ.

ಇಲ್ಲಿ ತಾತ್ತ್ವಿಕವಾದ ಒಂದು ತೊಡಕು ಎದುರಾಗುತ್ತದೆ. ದಾಖಲೆಯನ್ನು ನಾವು ಮೊದಲು ನಂಬಿ ಆಮೇಲೆ ಶಂಕಿಸಬೇಕೋ, ಮೊದಲು ಶಂಕಿಸಿ ಆಮೇಲೆ ನಂಬಬೇಕೋ? ನಮ್ಮ ದರ್ಶನಕಾರರು ಗಣಕಯಂತ್ರದ ಹಂಗಿಲ್ಲದೆಯೇ ಇದನ್ನು ಚರ್ಚಿಸಿದ್ದಾರೆ. ಕುಮಾರಿಲಭಟ್ಟನ ಮತದಂತೆ ಉಂಟಾದ ಜ್ಞಾನವು ಸ್ವತಃ ಪ್ರಮಾಣ. ಅದನ್ನು ತಳ್ಳಿಹಾಕಬೇಕಾದರೆ ಅದಕ್ಕೆ ವಿರುದ್ಧವಾದ ಬಾಧಕಜ್ಞಾನವಾದರೂ ಹುಟ್ಟಬೇಕು, ಅದು ಉಂಟಾದ ಕಾರಣದಲ್ಲಿ ದೋಷವಿದೆಯೆಂದಾದರೂ ತಿಳಿಯಬೇಕು. ನೈಯಾಯಿಕರು ಇದನ್ನು ಒಪ್ಪಲಿಲ್ಲ. ದೂರದಲ್ಲಿ ಹೊಳೆಯುವುದು ನೀರೆಂಬ ಜ್ಞಾನದ ಪ್ರಾಮಾಣ್ಯವು ಅಲ್ಲಿಗೆ ಹೋಗಿ ಕುಡಿದು ದಾಹ ತೀರಿದಾಗಲೇ ನಿಶ್ಚಯವಾಗುತ್ತದೆಂದು ಅವರ ವಾದ. ಲೋಕವ್ಯವಹಾರವನ್ನು ನೋಡಿದರೆ ದಾಖಲೆ ಇಡುವವರೆಲ್ಲರೂ ಹೇಳದೆಯೇ ಕುಮಾರಿಲನ ಶಿಷ್ಯರು. ಪ್ರತಿಯೊಂದು ಲೆಕ್ಕವನ್ನೂ ಪ್ರತಿದಿನವೂ ಕುಡಿದು ನೋಡಿ ನಂಬುತ್ತೇವೆಂದರೆ ಬ್ಯಾಂಕಿನ ಬಾಗಿಲು ತೆರೆಯುವ ಹಾಗೆಯೇ ಇಲ್ಲ.

ಶಂಕೆಗೆ ಸುಲಭವಾಗಿ ಎಡೆಗೊಡುವುದರಿಂದ ಆಗುವ ಹಾನಿಯೂ ಅಲ್ಪವಲ್ಲ. ದಾಖಲೆ ಕೆಟ್ಟಿತೆಂಬ ಗಾಬರಿಯಲ್ಲಿ ನಿನ್ನೆಯ ಪ್ರತಿಯನ್ನು ತಂದು ಇಂದಿನ ಮೇಲೆ ಹೊದಿಸಿದರೆ, ಇಂದು ಹಣ ಕಟ್ಟಿದವರ ಸತ್ಯವಾದ ಲೆಕ್ಕಗಳು ಅಳಿಸಿಹೋಗುತ್ತವೆ. ಮೇಲೆ ಹೇಳಿದ ಎಸ್‌ಕ್ಯೂಎಲ್ ಸರ್ವರಿನಲ್ಲಿ ಒಂದು ರಿಪೇರಿಯ ವಿಧಾನವಿದೆ. "ದತ್ತನಷ್ಟಕ್ಕೆ ಸಮ್ಮತಿಯುಳ್ಳ ರಿಪೇರಿ" ಎಂಬುದು ಅದರ ಹೆಸರಿನ ಅರ್ಥ. ದೋಷವುಳ್ಳ ಪುಟಗಳನ್ನು ಅದು ಕಿತ್ತೆಸೆದು ಉಳಿದುದನ್ನು ಒಪ್ಪಗೊಳಿಸುತ್ತದೆ. ಹೆಸರಿನಲ್ಲಿಯೇ ಇಷ್ಟು ಪ್ರಾಮಾಣಿಕವಾದ ಔಷಧವನ್ನು ನಾವು ಬೇರೆಲ್ಲಿಯೂ ಕಂಡಿಲ್ಲ. ಆದರೂ ಗಾಬರಿಯಾದವನು ಸೀಸೆಯ ಮೇಲಿನ ಬರೆಹವನ್ನು ಓದುವುದಿಲ್ಲ. ಆದಕಾರಣ ಕಾವಲುಗಾರನು ತನ್ನ ದಾಖಲೆಯ ಪಕ್ಷದಲ್ಲಿ ನಿಲ್ಲುವುದು, ಮರುಪರೀಕ್ಷೆಯಾಗುವವರೆಗೆ ಕೈಯಿಡೆನೆನ್ನುವುದು ಹಟವಲ್ಲ, ಧರ್ಮವೇ ಸರಿ.

ಹೀಗಿದ್ದರೂ ಕುಮಾರಿಲನ ಮತದಲ್ಲಿ ಎರಡು ಬಾಗಿಲುಗಳು ತೆರೆದಿರುವುದನ್ನು ಮರೆಯಲಾಗದು: ಬಾಧಕಜ್ಞಾನ ಒಂದು, ಕಾರಣದೋಷ ಇನ್ನೊಂದು. ಆ ಬಾಗಿಲುಗಳನ್ನು ಮುಚ್ಚಿ ಸ್ವತಃಪ್ರಾಮಾಣ್ಯವನ್ನು ಮಾತ್ರ ಉಳಿಸಿಕೊಂಡರೆ ಏನಾಗುತ್ತದೆಂಬುದಕ್ಕೆ ಇಂಗ್ಲೆಂಡಿನ ಅಂಚೆ ಇಲಾಖೆಯ ಕಥೆ ಸಾಕ್ಷಿ. ಅಲ್ಲಿ ಹಳ್ಳಿ ಪೇಟೆಗಳ ಸಣ್ಣ ಅಂಚೆಕಚೇರಿಗಳನ್ನು ಸಬ್‌ಪೋಸ್ಟ್‌ಮಾಸ್ಟರುಗಳೆಂಬವರು ಒಪ್ಪಂದದ ಮೇಲೆ ನಡೆಸುತ್ತಾರೆ. ಅವರಲ್ಲಿ ಬಹುಮಂದಿ ಅದೇ ಕಟ್ಟಡದಲ್ಲಿ ಅಂಗಡಿಯಿಟ್ಟು ಜೀವಿಸುವವರು. ೧೯೯೯ರಿಂದ ಈ ಕಚೇರಿಗಳಿಗೆ ಹೊರೈಜನ್ ಎಂಬ ಗಣಕವ್ಯವಸ್ಥೆ ಬಂದಿತು. ಬಂದ ಕೆಲವು ದಿನಗಳಲ್ಲಿಯೇ ಲೆಕ್ಕದಲ್ಲಿ ಕಾರಣ ತಿಳಿಯದ ಕೊರತೆಗಳು ಕಾಣಿಸಿಕೊಂಡವು. ಪೆಟ್ಟಿಗೆಯಲ್ಲಿರುವ ಹಣ ಒಂದು, ಯಂತ್ರ ಹೇಳುವ ಹಣ ಒಂದು. ಯಂತ್ರದ ಲೆಕ್ಕ ತಪ್ಪಿದೆಯೆಂದು ಅವರು ಸಹಾಯವಾಣಿಗೆ ದೂರಿಟ್ಟರು. ಇಂತಹ ತೊಂದರೆ ನಿಮಗೊಬ್ಬರಿಗೇ ಬಂದಿರುವುದೆಂಬ ಉತ್ತರ ತಮಗೆ ದೊರೆಯಿತೆಂದು ಅವರಲ್ಲಿ ಅನೇಕರು ಸಾಕ್ಷ್ಯ ನುಡಿದಿದ್ದಾರೆ. ಈ ಉತ್ತರವನ್ನು ವಾಚಕರು ಸ್ವಲ್ಪ ನಿಂತು ಯೋಚಿಸಬೇಕು. ಒಂದೇ ಬಗೆಯ ದೂರು ನಾನಾ ಊರುಗಳಿಂದ ಬರುತ್ತಿರುವಾಗ, ಒಬ್ಬೊಬ್ಬನಿಗೂ ನೀನೊಬ್ಬನೇ ಎಂದು ಹೇಳುವುದೆಂದರೆ, ಆ ಎಲ್ಲರೂ ಒಬ್ಬರಿಗೊಬ್ಬರು ಬಾಧಕಪ್ರಮಾಣವಾಗಬಹುದಾಗಿದ್ದ ದಾರಿಯನ್ನೇ ಮುಚ್ಚಿದಂತೆ.

ಕೊರತೆಯನ್ನು ಕೈಯಿಂದ ತುಂಬಬೇಕೆಂದಾಯಿತು. ತುಂಬಲಾರದವರ ಮೇಲೆ ಕಳವಿನ, ಸುಳ್ಳುಲೆಕ್ಕದ ಮೊಕದ್ದಮೆಗಳು ಹೂಡಲ್ಪಟ್ಟವು. ಹೊರೈಜನ್ನಿನ ಲೆಕ್ಕವು ಒಂದಲ್ಲ ಒಂದು ರೀತಿಯಲ್ಲಿ ಆಧಾರವಾಗಿ, ೧೯೯೯ರಿಂದ ೨೦೧೫ರವರೆಗೆ ೯೦೦ಕ್ಕೂ ಹೆಚ್ಚು ಮಂದಿ ಅಪರಾಧಿಗಳೆಂದು ತೀರ್ಮಾನವಾಯಿತು. ಕೆಲವರು ಸೆರೆಮನೆ ಸೇರಿದರು, ಮನೆ ಮಾರಿದರು, ಪ್ರಾಣವನ್ನೂ ಕಳೆದುಕೊಂಡರು. ಇಂಗ್ಲೆಂಡಿನ ೧೯೮೪ರ ಒಂದು ಶಾಸನದ ೬೯ನೆಯ ಕಲಮು, ಗಣಕದ ಬರೆಹವನ್ನು ಸಾಕ್ಷ್ಯವಾಗಿ ತರುವವನು ಆ ಗಣಕವು ಸರಿಯಾಗಿ ಕೆಲಸಮಾಡುತ್ತಿತ್ತೆಂಬುದನ್ನು ತೋರಿಸಬೇಕೆಂದು ವಿಧಿಸಿತ್ತು. ಆ ಕಲಮನ್ನು ರದ್ದುಮಾಡಿದ್ದು ೧೯೯೯ರ ಶಾಸನ, ಎಂದರೆ ಹೊರೈಜನ್ ಕಾಲಿಟ್ಟ ವರ್ಷದ್ದೇ. ಅಲ್ಲಿಂದ ಮುಂದೆ, ಯಂತ್ರ ಸರಿಯಾಗಿತ್ತೆಂಬುದು ಮೊದಲೇ ಊಹಿಸಿಕೊಂಡ ಮಾತಾಯಿತು. ಸರಿಯಿಲ್ಲವೆನ್ನುವವನು ಅದಕ್ಕೆ ಆಧಾರವನ್ನು ತರಬೇಕಾಯಿತು. ಯಂತ್ರದ ಒಳಗನ್ನು ಒಮ್ಮೆಯೂ ಕಾಣದ ಅಂಗಡಿಯವನು ಎಲ್ಲಿಂದ ತರಬೇಕು?

ವೇಲ್ಸಿನ ಲ್ಯಾಂಡಡ್ನೊ ಎಂಬ ಊರಿನ ಹತ್ತಿರ ಅಂಚೆಕಚೇರಿ ನಡೆಸುತ್ತಿದ್ದ ಆಲನ್ ಬೇಟ್ಸ್ ಎಂಬುವರ ಒಪ್ಪಂದವನ್ನು ೨೦೦೩ರಲ್ಲಿ ಮುಗಿಸಲಾಯಿತು. ಅವರ ಮುಂದಾಳುತನದಲ್ಲಿ ೫೫೫ ಮಂದಿ ದಾವೆ ಹೂಡಿದರು. ೨೦೧೯ರ ಡಿಸೆಂಬರ್ ೧೬ರಂದು ನ್ಯಾಯಮೂರ್ತಿ ಫ್ರೇಸರ್ ಅವರು ಹೊರೈಜನ್ನಿನಲ್ಲಿ ಅನೇಕ ದೋಷಗಳಿದ್ದುವೆಂದೂ, ಅವುಗಳಿಂದ ಶಾಖೆಗಳ ಲೆಕ್ಕದಲ್ಲಿ ಕೊರತೆ ತೋರುವ ಸಂಭವವಿತ್ತೆಂದೂ ತೀರ್ಪನ್ನಿತ್ತರು. ೨೦೨೧ರ ಏಪ್ರಿಲಿನಲ್ಲಿ ಮೇಲ್ಮನವಿಯ ನ್ಯಾಯಾಲಯವು ೩೯ ಮಂದಿಯ ಶಿಕ್ಷೆಯನ್ನು ತೊಡೆದುಹಾಕಿತು; ೨೦೨೪ರ ಮೇ ತಿಂಗಳಲ್ಲಿ ಪಾರ್ಲಿಮೆಂಟು ಶಾಸನದ ಮೂಲಕವೇ ಉಳಿದ ನೂರಾರು ಮಂದಿಯ ಮೇಲಿನ ಕಳಂಕವನ್ನು ನೀಗಿತು.

ಆ ದೋಷಗಳಲ್ಲಿ ಒಂದನ್ನು ಇಲ್ಲಿ ಹೇಳಲೇಬೇಕು, ಏತಕ್ಕೆಂದರೆ ನಮ್ಮ ವಿಷಯಕ್ಕೆ ಅದು ಹೊಸ ಬೆಳಕನ್ನು ಕೊಡುತ್ತದೆ. ೨೦೧೫ರ ಅಕ್ಟೋಬರಿನಲ್ಲಿ ಸ್ಕಾಟ್ಲೆಂಡಿನ ಡಾಲ್‌ಮೆಲಿಂಗ್ಟನ್ ಎಂಬಲ್ಲಿ ೮,೦೦೦ ಪೌಂಡುಗಳ ಜಮೆಯನ್ನು ಬರೆಯಹೊರಟಾಗ ಯಂತ್ರದ ತೆರೆ ಅಲುಗಾಡದೆ ನಿಂತಿತು. ಗುಂಡಿಯನ್ನು ಮತ್ತೆ ಮತ್ತೆ ಒತ್ತಿದ್ದಕ್ಕೆ ಅದೇ ಜಮೆಯು ನಾಲ್ಕು ಬಾರಿ ದಾಖಲಾಗಿ ೨೪,೦೦೦ ಪೌಂಡುಗಳ ಕೊರತೆ ತೋರಿತು. ಆ ನಾಲ್ಕು ನಮೂದುಗಳಲ್ಲಿ ಯಾವುದೊಂದೂ ಕೆಟ್ಟಿರಲಿಲ್ಲವೆಂಬುದನ್ನು ಗಮನಿಸಬೇಕು. ಒಂದೊಂದೂ ಅಕ್ಷರಶಃ ಶುದ್ಧ. ಪರೀಕ್ಷಕ ಯಂತ್ರವು ನಾಲ್ಕಕ್ಕೂ ಒಪ್ಪಿಗೆಯ ಮುದ್ರೆಯನ್ನೇ ಒತ್ತುತ್ತಿತ್ತು. ದತ್ತವು ಕೆಟ್ಟಿತೆಂಬ ದೂರನ್ನು ಅಲ್ಲಿ ಯಾರಾದರೂ ಇಟ್ಟಿದ್ದರೆ ಶಾಸ್ತ್ರೀಯವಾಗಿ ಅದು ಸುಳ್ಳು ದೂರೇ ಆಗುತ್ತಿತ್ತು. ಆದರೂ ಹಣವಿರಲಿಲ್ಲ, ಲೆಕ್ಕ ಸುಳ್ಳಾಗಿತ್ತು.

ಬರೆದದ್ದು ಬರೆದಂತೆ ಉಳಿದಿದೆಯೆಂಬುದು ಒಂದು ಗುಣ. ಬರೆದದ್ದು ನಡೆದದ್ದಕ್ಕೆ ಸರಿಹೋಗುತ್ತದೆಂಬುದು ಬೇರೆಯೇ ಗುಣ. ಮೊದಲನೆಯದನ್ನು ರುಜುಪಡಿಸಿ ಎರಡನೆಯದೂ ರುಜುವಾಯಿತೆಂದು ಭಾವಿಸುವುದು ವಿದ್ಯಾವಂತರ ಮೋಹ. ನಮ್ಮಲ್ಲಿ ಭೂಮಿ ಯೋಜನೆಯಂತೆ ಸುಮಾರು ೨ ಕೋಟಿ ಪಹಣಿಗಳನ್ನು ಕೈಬರೆಹದ ಪುಸ್ತಕಗಳಿಂದ ಗಣಕಕ್ಕೆ ಏರಿಸಿದರು. ಪುಸ್ತಕದಲ್ಲಿ ಸತ್ತ ಅಜ್ಜನ ಹೆಸರೇ ಇದ್ದರೆ ಗಣಕದಲ್ಲಿಯೂ ಸತ್ತ ಅಜ್ಜನೇ ಖಾತೆದಾರ. ವಿಸ್ತೀರ್ಣದಲ್ಲಿ ಗುಂಟೆಯ ತಪ್ಪಿದ್ದರೆ ಅದೂ ಹಾಗೆಯೇ. "ಕಂಪ್ಯೂಟರಿನಲ್ಲಿ ನಮ್ಮ ಪಹಣಿ ಕೆಟ್ಟಿದೆ" ಎಂದು ಬಂದ ರೈತನಿಗೆ "ಕೆಟ್ಟಿಲ್ಲ" ಎಂದು ಹೇಳಿ ಕಳುಹಿಸುವುದು ಪದಶಃ ಸತ್ಯ, ಆದರೆ ಅವನ ಪ್ರಶ್ನೆಗೆ ಉತ್ತರವಲ್ಲ. ಅವನು ಕೇಳಿದ್ದು ತನ್ನ ನೆಲದ ವಿಷಯ, ತಟ್ಟೆಯ ಮೇಲಿನ ಅಕ್ಷರಗಳ ಆರೋಗ್ಯವನ್ನಲ್ಲ.

ಹಾಗಾದರೆ ರುಜುವಾತಿನ ಭಾರ ಯಾರದು? ಆರೋಪಿಸುವವನೇ ರುಜುಪಡಿಸಬೇಕೆಂಬ ನ್ಯಾಯವು ಇಬ್ಬರೂ ಬಯಲಿನಲ್ಲಿ ನಿಂತಿರುವಾಗ ಸಲ್ಲುತ್ತದೆ. ಒಬ್ಬನು ಕೋಟೆಯ ಒಳಗೆ, ಇನ್ನೊಬ್ಬನು ಹೊರಗೆ ಇರುವಾಗ ಸಲ್ಲುವುದಿಲ್ಲ. ದೂರಿಡುವವನು ಕೊಡಬಲ್ಲದ್ದು ತಾನು ಕಂಡದ್ದನ್ನು ಮಾತ್ರ: ಯಾವ ದಿನ, ಯಾವ ಹೊತ್ತು, ಎಷ್ಟು ಹಣ, ತೆರೆಯ ಮೇಲೆ ಏನು ತೋರಿತು. ಅಷ್ಟನ್ನು ಅವನು ಕೊಟ್ಟಮೇಲೆ, ಒಳಗಿನ ಕಾರಣವನ್ನು ಹುಡುಕುವುದು ಬೀಗದ ಕೈಯುಳ್ಳವನ ಪಾಲಿನ ಕೆಲಸ. ಹುಡುಕಿ ದೂರು ಹುಸಿಯೆಂದು ಕಂಡರೆ, ಹಗ್ಗವನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಂದು ತೋರಿಸಬೇಕು. "ಹಾವಲ್ಲ, ನಾನು ಬಲ್ಲೆ" ಎಂದರೆ ಕತ್ತಲಲ್ಲಿ ನಿಂತವನ ಭಯ ಹೋಗುವುದಿಲ್ಲ. ಕಾವಲುಗಾರನ ಕೀರ್ತಿ, ವ್ಯವಸ್ಥೆಯ ಬೆಲೆ, ಹಿಂದಿನ ಹತ್ತು ದೂರುಗಳು ಹುಸಿಯಾದದ್ದು ಇವು ಯಾವುವೂ ಹನ್ನೊಂದನೆಯದಕ್ಕೆ ಉತ್ತರವಾಗಲಾರವು.

ಇದಕ್ಕೆ ಖರ್ಚು ಬಹಳ ಬೀಳುತ್ತದೆಂದು ಆಕ್ಷೇಪಿಸುವವರಿದ್ದಾರೆ, ಬೀಳುವುದು ನಿಜ. ಹೊರೈಜನ್ನಿನಲ್ಲಿ ಪ್ರತಿಯೊಂದು ಶಾಖೆಯ ವ್ಯವಹಾರಗಳ ಮೂಲ ದಾಖಲೆಯನ್ನು ಫುಜಿಟ್ಸು ಕಂಪೆನಿಯು ಪ್ರತ್ಯೇಕವಾಗಿ ಕಾಪಾಡಿಟ್ಟಿತ್ತು. ಅದನ್ನು ವರ್ಷಕ್ಕೆ ಇಷ್ಟು ಸಲ ತರಿಸಬಹುದೆಂದು ಒಪ್ಪಂದದಲ್ಲಿ ಮಿತಿಯಿತ್ತು, ಮಿತಿ ಮೀರಿದರೆ ಹಣ ತೆರಬೇಕಾಗಿತ್ತು. ಅನೇಕ ಮೊಕದ್ದಮೆಗಳಲ್ಲಿ ಆ ದಾಖಲೆಯನ್ನು ತರಿಸಿ ನೋಡದೆಯೇ ಆರೋಪಿಯನ್ನು ಕಟಕಟೆಗೆ ಏರಿಸಿದರು. ಗಣಕವು ಸರಿಯಾಗಿತ್ತೆಂಬ ಆ ಊಹೆ ಇನ್ನು ಮುಂದೆಯೂ ಇರಬೇಕೇ ಎಂದು ಬ್ರಿಟಿಷ್ ಸರ್ಕಾರದ ನ್ಯಾಯ ಮಂತ್ರಾಲಯವು ಬಲ್ಲವರ ಅಭಿಪ್ರಾಯವನ್ನು ಕೇಳಿದ್ದು ೨೦೨೫ರ ಜನವರಿಯಲ್ಲಿ.